‘ತಡಾ ಮಾಡಿ ತಂದ್ರಿ’ ಎಂಬ ಆರೋಪ

ಕೊಪ್ಪಳ ಜಿಲ್ಲೆಯ ಒಣಬೇಸಾಯದ ಹಳ್ಳಿಗಳಿಂದ ಬರುವ ರೋಗಿಗಳಲ್ಲಿ ಅನೇಕರು ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಇದನ್ನು ವೈದ್ಯರೂ ಹೇಳುತ್ತಾರೆ, ಅಧಿಕಾರಿಗಳೂ ಹೇಳುತ್ತಾರೆ, ರೋಗಿಯ ಮನೆಯವರೂ ಅಲ್ಲಗಳೆಯುವುದಿಲ್ಲ. ತಕರಾರು ಇರುವುದು ಇದಕ್ಕೆ ಕೊಡುವ ಕಾರಣದ ಬಗ್ಗೆ. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ತಾಯತ, ಅಂಗಾರ, ನಾಟಿ ಔಷಧ ಎಂದು ದಿನ ದೂಡುತ್ತಾರೆ, ಆಸ್ಪತ್ರೆ ಎಂದರೆ ಅಂಜುತ್ತಾರೆ, ಭರ್ತಿ ಮಾಡಿಕೊಂಡರೂ ನಿಲ್ಲದೆ ಹೊರಟುಹೋಗುತ್ತಾರೆ, ಆದ್ದರಿಂದ ಇವರಿಗೆ ಬೇಕಿರುವುದು ಜಾಗೃತಿ ಎಂಬುದು ಆ ಕಾರಣ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಇದು ಷರಾ ಆಗುತ್ತದೆ, ಗೋಡೆಬರಹವಾಗಿ, ಜಾಥಾ ಆಗಿ, ಬೀದಿನಾಟಕವಾಗಿ ಊರಿಗೆ ಬರುತ್ತದೆ. ತುರ್ತು ವಿಭಾಗದ ಬಾಗಿಲಲ್ಲಿ ಇದೇ ಒಂದು ಪ್ರಶ್ನೆಯಾಗಿ ಎದುರಾಗುತ್ತದೆ: ‘ಯಾಕ ಇಷ್ಟು ತಡಾ ಮಾಡಿ ತಂದ್ರಿ?’ ಉತ್ತರ ಬೇಕೆಂದು ಕೇಳುವ ಪ್ರಶ್ನೆ ಅದಲ್ಲ. ಉತ್ತರಕ್ಕೆ ಕಾಯುವವರೂ ಇಲ್ಲ.

ಮಂಗಳೂರು ಎಂದೊಡನೆ ನಾಡಿನ ಬಹುಪಾಲು ಜನಕ್ಕೆ ನೆನಪಾಗುವುದು ಕರಾವಳಿಯ ನಗರ. ಅದು ಆಸ್ಪತ್ರೆಗಳ ಊರು. ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟು ವೈದ್ಯಕೀಯ ಕಾಲೇಜುಗಳಿವೆ. ಕೊಪ್ಪಳ ಜಿಲ್ಲೆಯಲ್ಲಿಯೂ ಒಂದು ಮಂಗಳೂರಿದೆ. ಹೋಬಳಿ ಕೇಂದ್ರವಾದ ಆ ಊರು ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕಿನಲ್ಲಿದೆ. ಸುತ್ತ ಎರೆಭೂಮಿ, ಮಳೆ ನಂಬಿದ ಜೋಳ, ಕಡಲೆ. ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಗುಳೆ ಹೋಗುತ್ತಾರೆ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2015ರಲ್ಲಿ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಯಲಬುರ್ಗಾ, ಕುಷ್ಟಗಿ ಎರಡೂ ಇದ್ದವು. ಅದೇ ಜಿಲ್ಲೆಯ ಗಂಗಾವತಿ ಸೀಮೆಯಲ್ಲಿ ತುಂಗಭದ್ರಾ ಕಾಲುವೆ ಹರಿದು ಭತ್ತ ಬೆಳೆಯುತ್ತದೆ, ಭತ್ತದ ಹಣ ಓಡಾಡುತ್ತದೆ. ತಿಳಿವಳಿಕೆ ಕಾಲುವೆ ನೀರಿನ ಹಿಂದೆ ಹೋಗುವುದಿಲ್ಲ, ಖಾಸಗಿ ನರ್ಸಿಂಗ್ ಹೋಮುಗಳು ಹೋಗುತ್ತವೆ. ಎರೆಸೀಮೆಯ ರೋಗಿ ತಡವಾಗಿ ಬರುವುದಕ್ಕೂ ನೀರಾವರಿ ಸೀಮೆಯ ರೋಗಿ ಬೇಗ ಬರುವುದಕ್ಕೂ ನಡುವಿನ ವ್ಯತ್ಯಾಸವನ್ನು ಇಲ್ಲಿಂದ ಅಳೆಯಲು ಶುರು ಮಾಡಬೇಕು.

ತಡ ಎಂಬುದನ್ನು ಬಿಡಿಸಿ ನೋಡುವ ಒಂದು ಕ್ರಮವನ್ನು ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೈನ್ 1994ರಲ್ಲಿ ತಾಯಂದಿರ ಸಾವಿನ ಕುರಿತ ಲೇಖನದಲ್ಲಿ ಕೊಟ್ಟರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ಆಗುವ ತಡ ಒಂದು, ಅಲ್ಲಿಗೆ ತಲುಪುವಲ್ಲಿ ಆಗುವ ತಡ ಇನ್ನೊಂದು, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವಲ್ಲಿ ಆಗುವ ತಡ ಮೂರನೆಯದು. ಜಗತ್ತಿನ ಆರೋಗ್ಯ ಇಲಾಖೆಗಳೆಲ್ಲ ಈ ವಿಂಗಡಣೆಯನ್ನು ಒಪ್ಪಿಕೊಂಡವು. ಒಪ್ಪಿಕೊಂಡು, ಮೊದಲನೆಯ ತಡವನ್ನು ಮನೆಯವರ ತಲೆಗೆ ಕಟ್ಟಿ, ಉಳಿದೆರಡನ್ನು ಅಡಿಟಿಪ್ಪಣಿ ಮಾಡಿದವು. ಆ ಲೇಖನದ ಮುಖ್ಯ ಮಾತೇ ಹೀಗೆ ಕಳೆದುಹೋಯಿತು. ಮನೆಯವರು ನಿರ್ಧರಿಸಲು ತಡ ಮಾಡುವುದು ಮುಂದಿನ ಎರಡು ತಡಗಳು ಅವರಿಗೆ ಗೊತ್ತಿರುವುದರಿಂದ. ಗಾಡಿ ಸಿಗುವುದು ಎಷ್ಟು ಕಷ್ಟ, ಹೋದರೆ ಅಲ್ಲಿ ಯಾರಿರುತ್ತಾರೆ, ಎಷ್ಟು ಖರ್ಚಾಗುತ್ತದೆ, ಕಳೆದ ಸಲ ಪಕ್ಕದ ಮನೆಯವರು ಹೋದಾಗ ಏನಾಯಿತು, ಇಷ್ಟನ್ನೂ ತೂಗಿ ನೋಡಿಯೇ ಅವರು ‘ಬೆಳಗಾಗಲಿ’ ಎನ್ನುತ್ತಾರೆ. ಅದು ಅಜ್ಞಾನದ ಮಾತಾಗಿ ಕೇಳಿಸುವುದು ಆ ಲೆಕ್ಕ ಹಾಕುವ ಪ್ರಮೇಯವೇ ಬರದವರ ಕಿವಿಗೆ.

ಲೆಕ್ಕವನ್ನು ಅಂಕಿಯಲ್ಲೂ ನೋಡಬಹುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು 2017–18ರಲ್ಲಿ ದೇಶದ ಹಳ್ಳಿಗರ ಆಸ್ಪತ್ರೆ ಖರ್ಚನ್ನು ಕೇಳಿ ಬರೆದುಕೊಂಡಿತು. ಹೆರಿಗೆ ಬಿಟ್ಟು, ಒಂದು ಸಲ ಭರ್ತಿಯಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,290 ರೂಪಾಯಿ, ಖಾಸಗಿ ಆಸ್ಪತ್ರೆಯಲ್ಲಿ 27,347 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 236 ರೂಪಾಯಿ. ಅಂದರೆ ‘ಪುಕ್ಕಟೆ’ ಎಂದು ಕರೆಸಿಕೊಳ್ಳುವ ಸರ್ಕಾರಿ ಆಸ್ಪತ್ರೆಯ ಒಂದು ಭರ್ತಿಗೆ 18 ದಿನದ ಕೂಲಿ, ಖಾಸಗಿಯಲ್ಲಾದರೆ ಸುಮಾರು 116 ದಿನದ್ದು. ಆ ಯೋಜನೆ ಇಡೀ ಕುಟುಂಬಕ್ಕೆ ವರ್ಷದಲ್ಲಿ ಖಾತರಿ ಕೊಟ್ಟಿದ್ದು 100 ದಿನ. ಗಾಡಿ ಬಾಡಿಗೆ, ಊಟ, ಜೊತೆಗಿದ್ದವರು ಕಳೆದುಕೊಂಡ ಕೂಲಿ ಈ ಸರಾಸರಿಯಲ್ಲಿ ಸೇರಿಲ್ಲ. ಹಣ ಬರುವ ದಾರಿಗಳು ಎಲ್ಲರಿಗೂ ಗೊತ್ತಿರುವವೇ: ಸಂಘದ ಸಾಲ, ಕೈಸಾಲ, ಕಿವಿಯೋಲೆ ಗಿರವಿ, ಆಡು ಮಾರಾಟ, ಕೊನೆಗೆ ಎತ್ತು. ಜ್ವರ ಬಂದ ಮೊದಲ ದಿನವೇ ಎತ್ತು ಮಾರುವ ಮನೆಯನ್ನು ಯಾರೂ ವಿವೇಕಿ ಎನ್ನಲಾರರು. ಕಾಯುವುದು ಇಲ್ಲಿ ಲೆಕ್ಕದ ಒಂದು ಭಾಗ. ಆ ಲೆಕ್ಕ ಕೆಲವೊಮ್ಮೆ ತಪ್ಪುತ್ತದೆ, ತಪ್ಪಿದಾಗ ಜೀವ ಹೋಗುತ್ತದೆ. ಆದರೆ ಲೆಕ್ಕ ತಪ್ಪಿದವರನ್ನು ಲೆಕ್ಕವೇ ಬರದವರು ಎಂದು ಕರೆಯುವುದು ನ್ಯಾಯವಲ್ಲ.

ಕಾಯುವಾಗಲೂ ಜನ ಸುಮ್ಮನೆ ಕೂರುವುದಿಲ್ಲ. ಊರಲ್ಲೋ ಪಕ್ಕದ ಊರಲ್ಲೋ ಇರುವ ಆರ್‌ಎಂಪಿ ಎಂದು ಕರೆಸಿಕೊಳ್ಳುವವರ ಬಳಿ ಹೋಗುತ್ತಾರೆ, ಸೂಜಿ ಮಾಡಿಸಿಕೊಳ್ಳುತ್ತಾರೆ, ಸಲಾಯಿನ್ ಹಚ್ಚಿಸಿಕೊಳ್ಳುತ್ತಾರೆ. ಈ ಚಿಕಿತ್ಸೆಯಿಂದ ಹಾನಿಯಾಗುವುದುಂಟು. ಬೇಡದ ಸ್ಟೀರಾಯ್ಡ್, ಬೇಡದ ಆ್ಯಂಟಿಬಯೋಟಿಕ್, ಹೆರಿಗೆ ನೋವು ಬೇಗ ಬರಲೆಂದು ಕೊಡುವ ಇಂಜೆಕ್ಷನ್ ಇವೆಲ್ಲ ಅಪಾಯಕಾರಿಯೇ. ಆದರೆ ಇದನ್ನು ಮೂಢನಂಬಿಕೆಯ ಖಾತೆಗೆ ಹಾಕುವವರು ಒಂದನ್ನು ಮರೆಯುತ್ತಾರೆ. ಸೂಜಿ, ಸಲಾಯಿನ್, ಗುಳಿಗೆ ಕೇಳುವ ಮನುಷ್ಯ ನಂಬಿರುವುದು ಆಸ್ಪತ್ರೆಯ ಔಷಧವನ್ನೇ. ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದರೆ ತೆಗೆಯುವವನು, ಹಣ ಸುಗ್ಗಿಗೆ ಕೊಡಿ ಎನ್ನುವವನು, ಮನೆಗೇ ಬರುವವನು ಹತ್ತಿರದಲ್ಲಿ ಅವನೊಬ್ಬನೇ. ಪದವಿ ಪಡೆದ ವೈದ್ಯರು ಆ ಹೊತ್ತಿನಲ್ಲಿ ಸಿಗುವಂತಿದ್ದರೆ ಅವನ ವ್ಯಾಪಾರ ತಾನಾಗಿಯೇ ಇಳಿಯುತ್ತದೆ. ಇನ್ನು, ನಗರದ ಓದಿದವರು ಎದೆನೋವನ್ನು ಗ್ಯಾಸ್ ಎಂದು ಎರಡು ದಿನ ಜೆಲುಸಿಲ್ ಕುಡಿದು ಕಳೆಯುವುದನ್ನು ಯಾರೂ ಮೂಢನಂಬಿಕೆ ಎನ್ನುವುದಿಲ್ಲ. ಅದಕ್ಕೆ ಕೆಲಸದ ಒತ್ತಡ ಎಂಬ ಗೌರವದ ಹೆಸರಿದೆ.

ಹೊರಡುವುದೆಂದು ತೀರ್ಮಾನವಾದ ಮೇಲೆ ದಾರಿ. ಹಗಲಾದರೆ ಬಸ್ಸು, ಟಂಟಂ ಇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಟಿಕೆಟ್ ಖರ್ಚು ಉಳಿದಿದೆ. ತಪಾಸಣೆಗೆ, ಗುಳಿಗೆಗೆ, ಭರ್ತಿಯಾದವರನ್ನು ನೋಡಿಕೊಳ್ಳಲು ಹೋಗುವ ಹೆಂಗಸರಿಗೆ ಇದು ಸಣ್ಣ ಅನುಕೂಲವಲ್ಲ. 2025ರ ಮೇ ತಿಂಗಳಲ್ಲಿ ಕುಕನೂರು, ಯಲಬುರ್ಗಾ ಮೂಲಕ ಹುಬ್ಬಳ್ಳಿ–ಕುಷ್ಟಗಿ ರೈಲೂ ಶುರುವಾಯಿತು. ಆದರೆ ಹೆರಿಗೆ ನೋವು, ಹಾವಿನ ಕಡಿತ, ಎದೆನೋವು ವೇಳಾಪಟ್ಟಿ ನೋಡಿ ಬರುವುದಿಲ್ಲ. ರಾತ್ರಿ ಊರಿಗೆ ಬಂದು ಬೆಳಗಿನ ಜಾವ ಹೊರಡುವ ವಸ್ತಿ ಬಸ್ಸು ಊರಲ್ಲೇ ನಿಂತಿರುತ್ತದೆ, ಹೊರಡುವ ಹೊತ್ತು ಬಂದಿರುವುದಿಲ್ಲ. ತೋಟದ ಮನೆಯಲ್ಲಿ, ತಾಂಡಾದಲ್ಲಿ ಇರುವವರು ಮೊದಲು ಡಾಂಬರು ರಸ್ತೆ ಮುಟ್ಟಬೇಕು. ಮಳೆಗಾಲದಲ್ಲಿ ಎರೆ ದಾರಿಯಲ್ಲಿ ಗಾಲಿ ಹೂತರೆ ಟ್ರ್ಯಾಕ್ಟರು ಕೂಡ ಅಲ್ಲಾಡುವುದಿಲ್ಲ. ಕ್ರೂಸರ್ ಇಟ್ಟವರನ್ನು ಎಬ್ಬಿಸಬೇಕು, ಡೀಸೆಲ್‌ಗೆ ಕೈಯಲ್ಲಿ ರೊಕ್ಕ ಇರಬೇಕು, ಹೋಗಿಬರುವ ಬಾಡಿಗೆ ಎರಡನ್ನೂ ಹೋಗುವವರೇ ಕೊಡಬೇಕು.

108 ಆಂಬುಲೆನ್ಸ್ ರಾಜ್ಯದಲ್ಲಿ ಓಡಲು ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೆ ಮೊದಲಿನ ಹಳ್ಳಿಯನ್ನು ನೆನೆಸಿಕೊಂಡವರಿಗೆ ಅದರ ಬೆಲೆ ಗೊತ್ತು. ಆದರೂ ಕರೆ ಮಾಡಿದ ಗಳಿಗೆಯಿಂದ ಗಾಡಿ ಮನೆ ಮುಂದೆ ನಿಲ್ಲುವವರೆಗಿನ ಸಮಯ ಆ ಹೊತ್ತಿಗೆ ಗಾಡಿ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಹತ್ತಿರದ ಗಾಡಿ ಇನ್ನೊಬ್ಬ ರೋಗಿಯನ್ನು ಕೊಪ್ಪಳಕ್ಕೋ ಹುಬ್ಬಳ್ಳಿಗೋ ಒಯ್ದಿದ್ದರೆ ಕಾಯಲೇಬೇಕು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಕರೆ ಕೇಂದ್ರದ ಸರ್ವರ್ ಕೆಟ್ಟು ರಾಜ್ಯದುದ್ದಕ್ಕೂ 108ಕ್ಕೆ ಕರೆ ಸರಿಯಾಗಿ ತಾಗದಾಯಿತು. ಆ ದಿನಗಳಲ್ಲಿ ತಡವಾಗಿ ಬಂದವರಿಗೂ ಬಾಗಿಲಲ್ಲಿ ಕೇಳಿದ್ದು ಅದೇ ಪ್ರಶ್ನೆಯೇ ಇರಬೇಕು.

ಇಷ್ಟಾಗಿ ಒಂದು ಆಸ್ಪತ್ರೆ ಮುಟ್ಟಿದರೆ, ಅಲ್ಲಿಂದ ಶುರುವಾಗುವುದು ‘ಮುಂದಕ್ಕ ಬರದ ಕೊಡೋದು’. ಇಡೀ ಚರ್ಚೆಯಲ್ಲಿ ಅತಿ ಕಡಿಮೆ ಮಾತಾಡಿದ, ಅತಿ ಹೆಚ್ಚು ಸಮಯ ತಿನ್ನುವ ಘಟ್ಟ ಇದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಹಜ ಹೆರಿಗೆ ಆಗುತ್ತದೆ, ಶಸ್ತ್ರಚಿಕಿತ್ಸೆ ಆಗುವುದಿಲ್ಲ, ರಕ್ತ ಸಿಗುವುದಿಲ್ಲ. ಮೇಲಿನ ಹಂತದ ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರಿದ್ದರೂ ಅರಿವಳಿಕೆ ಕೊಡುವವರು ಅಂದು ಇಲ್ಲದಿದ್ದರೆ ಸಿಸೇರಿಯನ್ ಇಲ್ಲ. ಇಬ್ಬರೂ ಇದ್ದು ರಕ್ತ ಇಲ್ಲದಿದ್ದರೂ ಇಲ್ಲ. ಆದ್ದರಿಂದ ರೋಗಿ ಕುಕನೂರು, ಯಲಬುರ್ಗಾ, ಕೊಪ್ಪಳ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗಬೇಕು. ಅಲ್ಲೂ ಆಗದಿದ್ದರೆ ಗದಗ, ಹುಬ್ಬಳ್ಳಿ ಅಥವಾ ಬಳ್ಳಾರಿ. ಹುಬ್ಬಳ್ಳಿ ಕೊಪ್ಪಳದಿಂದ ನೂರು ಕಿಲೋಮೀಟರಿಗೂ ದೂರ. ಪ್ರತಿ ಮೆಟ್ಟಿಲಲ್ಲೂ ಹೊಸ ಚೀಟಿ, ಹೊಸ ನೋಂದಣಿ, ಮತ್ತದೇ ರಕ್ತಪರೀಕ್ಷೆ, ಮತ್ತದೇ ‘ಏನಾಗ್ತದ?’ ಎಂಬ ವಿಚಾರಣೆ. ಕಳಿಸಿದ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಎರಡು ಪದ ಇರುತ್ತವೆ. ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟರು, ರಕ್ತದೊತ್ತಡ ಎಷ್ಟಿತ್ತು, ಏಕೆ ಕಳಿಸಿದರು ಎಂಬುದು ಇದ್ದರೆ ಅದೃಷ್ಟ. ಮುಂದಿನ ಆಸ್ಪತ್ರೆಗೆ ಫೋನು ಮಾಡಿ ಮಂಚ ಖಾಲಿ ಇದೆಯೇ, ಆ ತಜ್ಞರು ಇದ್ದಾರೆಯೇ ಎಂದು ಕೇಳಿದ್ದರಂತೂ ದೊಡ್ಡ ಅದೃಷ್ಟ. ಮೂರನೆಯ ಮೆಟ್ಟಿಲಲ್ಲಿ ಕೇಳುವ ‘ಯಾಕ ತಡಾ’ ಎಂಬ ಪ್ರಶ್ನೆಗೆ ಉತ್ತರ ಮೊದಲೆರಡು ಮೆಟ್ಟಿಲುಗಳಲ್ಲಿದೆ. ಅದನ್ನು ಕೊಡಬೇಕಾದವರು ಅಲ್ಲಿಗೆ ಬಂದಿರುವುದಿಲ್ಲ, ಬಂದಿರುವುದು ಗಾಬರಿಗೊಂಡ ಅತ್ತೆ, ಗಂಡ ಮತ್ತು ಕ್ರೂಸರ್ ಚಾಲಕ.

ಇದು ಊಹೆಯ ಮಾತಲ್ಲ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿದ್ದ ಗೀತಾ ಸೆನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಮತ್ತು ಸಂಗಡಿಗರು ಈ ಶತಮಾನದ ಆರಂಭದ ವರ್ಷಗಳಿಂದ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲೇ ಸಂಶೋಧನೆ ನಡೆಸಿದ್ದಾರೆ. ತಾಯಂದಿರ ಸಾವುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿದು ನೋಡಿದಾಗ ಕಂಡದ್ದು ಕೈಕಟ್ಟಿ ಕೂತ ಕುಟುಂಬಗಳಲ್ಲ, ಒಬ್ಬರಿಂದ ಇನ್ನೊಬ್ಬರಲ್ಲಿಗೆ ಓಡಿದ ಕುಟುಂಬಗಳು. ಗರ್ಭಿಣಿಯ ಹೆಸರು ರಿಜಿಸ್ಟರಿನಲ್ಲಿತ್ತು, ಅಪಾಯದ ಚಿಹ್ನೆ ಯಾರ ಕಣ್ಣಿಗೋ ಬಿದ್ದಿತ್ತು, ಮುಂದೇನು ಎಂಬುದಕ್ಕೆ ಯಾರೂ ಹೊಣೆಯಿರಲಿಲ್ಲ. ಹೆರಿಗೆಯ ಮೊದಲು, ಹೆರಿಗೆಯ ಹೊತ್ತು, ಹೆರಿಗೆಯ ನಂತರ ಎಂಬ ಮೂರು ಕೊಂಡಿಗಳು ಒಂದಕ್ಕೊಂದು ಸೇರುತ್ತಿರಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯನ್ನು ಇಲ್ಲಿ ಸೇರಿಸಿ ನೋಡಬೇಕು. ಗಂಡನ ಊರಿನ ಆಶಾ ಕಾರ್ಯಕರ್ತೆ ಬರೆದುಕೊಂಡ ವಿವರ ತವರಿನ ಆಶಾ ಕಾರ್ಯಕರ್ತೆಗೆ ತಲುಪುವುದು ತಾಯಿ ಕಾರ್ಡು ಜೊತೆಗಿದ್ದರೆ, ಅದರಲ್ಲಿ ಬರೆದಿದ್ದರೆ, ಬರೆದಿದ್ದು ಓದುವಂತಿದ್ದರೆ ಮಾತ್ರ. ಸಂಸ್ಥೆಗಳ ನಡುವಿನ ಬಿರುಕಿಗೆ ಬಿದ್ದು ಸತ್ತವಳ ಕಡತದಲ್ಲಿ ಕೊನೆಗೆ ‘ಕುಟುಂಬದವರ ನಿರ್ಲಕ್ಷ್ಯ’ ಎಂದು ಬರೆಯುವುದು ಎಲ್ಲರಿಗೂ ಸುಲಭ. ಪ್ರತಿವಾದಿ ಸತ್ತಿರುತ್ತಾಳೆ.

ಭರ್ತಿಯಾದ ಮೇಲಿನ ಬದುಕು ಬೇರೆಯೇ ಒಂದು ಪ್ರಕರಣ. ಮಂಚದ ಮೇಲೆ ಮಲಗುವವರು ಒಬ್ಬರು, ಅವರಿಗಾಗಿ ಬೇಕಾದವರು ಮೂವರು. ‘ಜೋಡಿ ಯಾರ ಅದಾರ?’ ಎಂಬುದು ವಾರ್ಡಿನ ಮೊದಲ ವಿಚಾರಣೆ. ಯಾರೂ ಇಲ್ಲದಿದ್ದರೆ ಚಿಕಿತ್ಸೆ ಮುಂದಕ್ಕೆ ಹೋಗುವುದಿಲ್ಲ, ಏಕೆಂದರೆ ದಾದಿಯರು ಕಡಿಮೆ ಇರುವ ವಾರ್ಡಿನಲ್ಲಿ ಅರ್ಧ ಕೆಲಸ ಮನೆಯವರೇ ಮಾಡುತ್ತಾರೆ. ಒಬ್ಬರು ಮಂಚದ ಪಕ್ಕ ಇರಬೇಕು: ಸಲಾಯಿನ್ ಬಾಟಲಿ ಮುಗಿಯುತ್ತಾ ಬಂದಾಗ ಸಿಸ್ಟರನ್ನು ಕರೆಯಲು, ಮಗ್ಗುಲು ಹೊರಳಿಸಲು, ಉಚ್ಚೆಯ ಚೀಲ ನೋಡಲು, ಶೌಚಕ್ಕೆ ಎತ್ತಿಕೊಂಡು ಹೋಗಲು. ಇನ್ನೊಬ್ಬರು ಓಡಾಡಬೇಕು: ರಕ್ತದ ಸೀಸೆ ಲ್ಯಾಬಿಗೆ, ರಿಪೋರ್ಟು ವಾರ್ಡಿಗೆ, ಒಳಗೆ ಸಿಗದ ಔಷಧಕ್ಕೆ ಗೇಟಿನ ಹೊರಗೆ, ಸ್ಕ್ಯಾನಿಗೆ ಇನ್ನೊಂದು ಕಟ್ಟಡಕ್ಕೆ, ಜೆರಾಕ್ಸಿಗೆ ರಸ್ತೆಯಾಚೆಗೆ. ಓಡಾಡುವವರಿಗೆ ಅಕ್ಷರ ಬರಬೇಕು, ಕೊಠಡಿ ಸಂಖ್ಯೆ ಓದಬೇಕು, ಯಾರನ್ನು ‘ಸರ್’ ಅನ್ನಬೇಕು ಯಾರನ್ನು ‘ಅಣ್ಣಾ’ ಅನ್ನಬೇಕು ತಿಳಿದಿರಬೇಕು. ಮೂರನೆಯವರು ಊರಲ್ಲಿರಬೇಕು, ದನ, ಮಕ್ಕಳು, ಹೊಲ ನೋಡಿಕೊಳ್ಳಲು. ಮೂವರ ಕೂಲಿಯೂ ನಿಂತಿತು. ಒಂದು ಕುಟುಂಬದಲ್ಲಿ ದುಡಿಯುವವರೇ ಮೂವರಿದ್ದರೆ ಅಲ್ಲಿಗೆ ಆದಾಯ ಸೊನ್ನೆ. ಅರ್ಧ ಮನೆ ಗುಳೆ ಹೋಗಿದ್ದರೆ ಈ ಮೂವರು ಕೂಡ ಸಿಗುವುದಿಲ್ಲ, ಬೆಂಗಳೂರಿಂದ ಮಗ ರಾತ್ರಿ ಬಸ್ಸು ಹತ್ತಬೇಕು.

ಜೊತೆಗಿರುವವರ ಸಾಮಾನು ನೋಡಿದರೆ ಅವರು ಏನನ್ನು ನಿರೀಕ್ಷಿಸಿ ಬಂದಿದ್ದಾರೆಂಬುದು ಗೊತ್ತಾಗುತ್ತದೆ. ಗೊಬ್ಬರದ ಚೀಲದಿಂದ ಹೊಲಿದ ಕೈಚೀಲದಲ್ಲಿ ಕೌದಿ, ತಾಟು, ಚೆಂಬು, ಮೂರು ದಿನ ಕೆಡದ ಕಟಿಕಟಿ ರೊಟ್ಟಿ, ಶೇಂಗಾ ಚಟ್ನಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ರೇಷನ್ ಕಾರ್ಡು, ಆಧಾರ್. ಮಲಗುವುದು ಮಂಚದ ಕೆಳಗೆ ಅಥವಾ ವರಾಂಡದಲ್ಲಿ, ರಾತ್ರಿ ರೌಂಡ್ಸಿಗೆ ಮುಂಚೆ ಎಬ್ಬಿಸಿದರೆ ಎದ್ದು ಹೊರಗೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಬಾಣಂತಿಗೆ ಸಹಜ ಹೆರಿಗೆಯಾದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟ ಉಚಿತ. ಒಳ್ಳೆಯ ಏರ್ಪಾಡು. ಬಾಣಂತಿಯನ್ನು ನೋಡಿಕೊಳ್ಳುವ ತಾಯಿಗೆ ಊಟ ಯಾರು ಕೊಡಬೇಕೆಂದು ಅದರಲ್ಲಿ ಬರೆದಿಲ್ಲ. ತಾಯಿ ಮಗಳ ತಾಟಿನಲ್ಲಿ ಉಳಿದದ್ದನ್ನು ಉಣ್ಣುತ್ತಾಳೆ, ಮಗಳು ಉಳಿಸುವಷ್ಟು ಉಳಿಸುತ್ತಾಳೆ.

ಕಾಗದದ ಸಂಕಟವೂ ಕಡಿಮೆಯದಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಆದರೆ ತುರ್ತು ಪ್ರಕರಣ ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನೇರ ಹುಬ್ಬಳ್ಳಿಗೆ ಹೋದವರು ಚೀಟಿಗಾಗಿ ಕೊಪ್ಪಳಕ್ಕೆ ಮರಳುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ರೇಷನ್ ಕಾರ್ಡಿನಲ್ಲಿರುತ್ತದೆ, ಗಂಡನ ಕಾರ್ಡು ತೋರಿಸಿದರೆ ಅದರಲ್ಲಿ ಅವಳಿಲ್ಲ. ನಿಯಮ ಮಾಡಿದವರಿಗೆ ಇದು ಸಣ್ಣ ತಿದ್ದುಪಡಿ. ಐಸಿಯು ಹೊರಗೆ ನಿಂತವರಿಗೆ ಒಂದು ಹಗಲು ಹೋಯಿತು.

ಇಷ್ಟರ ನಂತರ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದರೆ ‘ವೈದ್ಯರ ಸಲಹೆಗೆ ವಿರುದ್ಧವಾಗಿ’ ಎಂದು ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸುತ್ತಾರೆ. ಅಜ್ಞಾನದ ವಾದಕ್ಕೆ ಇದು ದೊಡ್ಡ ಸಾಕ್ಷಿ: ಮಲಗಿಸಿದರೂ ನಿಲ್ಲುವುದಿಲ್ಲ. ಆ ಹೆಬ್ಬೆಟ್ಟಿನ ಹಿಂದೆ ಕೈಯಲ್ಲಿದ್ದ ಹಣ ಮುಗಿದಿರುತ್ತದೆ, ರಾಶಿಗೆ ಬಂದ ಕಡಲೆ ಹೊಲದಲ್ಲಿ ಉದುರುತ್ತಿರುತ್ತದೆ, ‘ಇನ್ನೂ ಎಷ್ಟು ದಿನ ಆಗ್ತದ್ರೀ ಸಾಹೇಬ್ರ?’ ಎಂದು ಕೇಳಿದಾಗ ಯಾರೂ ಸರಿಯಾಗಿ ಹೇಳಿರುವುದಿಲ್ಲ. ರೋಗ ಏನು, ಇನ್ನೆಷ್ಟು ದಿನ, ಇನ್ನೆಷ್ಟು ಖರ್ಚು ಎಂಬ ಮೂರು ಪ್ರಶ್ನೆಗಳಿಗೆ ಅರ್ಥವಾಗುವ ಮಾತಿನಲ್ಲಿ ಉತ್ತರ ಸಿಕ್ಕ ಮನೆಯವರು ಎಷ್ಟೋ ಸಲ ಸಾಲ ಮಾಡಿಯಾದರೂ ನಿಲ್ಲುತ್ತಾರೆ. ತಿಳಿವಳಿಕೆ ಕೊಡಬೇಕಾದ ಜಾಗವೊಂದಿದ್ದರೆ ಅದು ಆ ಮಂಚದ ಪಕ್ಕ. ಜಾಥಾ ಅಲ್ಲಿಗೆ ಹೋಗುವುದಿಲ್ಲ.

ಜನರ ಮನೋಭಾವವೇ ಕಾರಣ ಎನ್ನುವ ವಾದವನ್ನು ಪರೀಕ್ಷೆಗೆ ಒಡ್ಡಲು ರಾಜ್ಯದಲ್ಲಿ ಎರಡು ಸಂದರ್ಭಗಳು ಒದಗಿವೆ. ಎರಡರಲ್ಲೂ ಅದು ಸೋತಿದೆ. ಮೊದಲನೆಯದು ಹೆರಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಶೇ 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು, 2015–16ರ ಹೊತ್ತಿಗೆ ಶೇ 94, 2019–20ರಲ್ಲಿ ಶೇ 97. ಕೊಪ್ಪಳದಂತೆ ಪಟ್ಟಿಯ ಕೊನೆಯಲ್ಲಿದ್ದ ಜಿಲ್ಲೆಗಳು ಏರದೆ ರಾಜ್ಯ ಈ ಮಟ್ಟ ಮುಟ್ಟಲು ಸಾಧ್ಯವಿರಲಿಲ್ಲ. ‘ಮನೆಯಲ್ಲೇ ಹೆರುವುದು ಇವರ ಸಂಪ್ರದಾಯ, ಬದಲಾಗಲು ತಲೆಮಾರು ಬೇಕು’ ಎನ್ನುತ್ತಿದ್ದವರ ಕಣ್ಣೆದುರೇ ಹತ್ತು ವರ್ಷದಲ್ಲಿ ಸಂಪ್ರದಾಯ ಮಾಯವಾಯಿತು. ಮಾಯ ಮಾಡಿದ್ದು 108, ಊರಲ್ಲೇ ಇರುವ ಆಶಾ ಕಾರ್ಯಕರ್ತೆ, ಜನನಿ ಸುರಕ್ಷಾ ಯೋಜನೆಯ ಹಣ, ಮಡಿಲು ಕಿಟ್, ಬಾಣಂತಿಯನ್ನು ಮನೆಗೆ ಬಿಡುವ ನಗು–ಮಗು ವಾಹನ. ಅತ್ತೆಯಂದಿರು ಹಿಂದಿನವರೇ.

ಎರಡನೆಯದು ಇನ್ನೂ ನಿಖರವಾದದ್ದು. ಬಡವರಿಗೆ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಚಿಕಿತ್ಸೆಗಳನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಸರ್ಕಾರ 2010ರಲ್ಲಿ ಮೊದಲು ಜಾರಿಗೆ ತಂದದ್ದು ಕೊಪ್ಪಳ ಸೇರಿದ್ದ ಗುಲ್ಬರ್ಗಾ ವಿಭಾಗದ ಕಡೆ. ದಕ್ಷಿಣದ ಜಿಲ್ಲೆಗಳಿಗೆ ಅದು ಇನ್ನೂ ಬಂದಿರಲಿಲ್ಲ. ಹೀಗಾಗಿ ಗಡಿಯ ಆಚೀಚೆ ಒಂದೇ ಬಗೆಯ ಜನ, ಒಂದೇ ಬಗೆಯ ಬಡತನ, ಒಂದೇ ಬಗೆಯ ದೇವರು, ಆದರೆ ಒಂದು ಕಡೆ ಯೋಜನೆ ಇದೆ, ಇನ್ನೊಂದು ಕಡೆ ಇಲ್ಲ. ನೀರಜ್ ಸೂದ್ ಮತ್ತು ಸಂಗಡಿಗರು ಈ ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ 0.90 ಇದ್ದರೆ ಇದ್ದ ಕಡೆ ಶೇ 0.32. ಆ ಯೋಜನೆಯ ಅಂಗವಾಗಿ ಹಳ್ಳಿಗಳ ಕಡೆ ತಪಾಸಣಾ ಶಿಬಿರಗಳೂ ನಡೆದವು, ಅಲ್ಲಿ ತಿಳಿವಳಿಕೆ ಹೇಳಿದ್ದೂ ಉಂಟು ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಆದರೆ ಆ ಶಿಬಿರದಲ್ಲಿ ಹೇಳಿದ ತಿಳಿವಳಿಕೆಯ ಬೆನ್ನಿಗೆ ಖರ್ಚು ಕೊಡುವ ಆಸ್ಪತ್ರೆಯೊಂದು ನಿಂತಿತ್ತು. ಗೋಡೆಬರಹದ ಬೆನ್ನಿಗೆ ಗೋಡೆ ಮಾತ್ರ ಇರುತ್ತದೆ.

ಮೂಢನಂಬಿಕೆ ಇಲ್ಲವೇ ಇಲ್ಲ ಎಂದು ವಾದಿಸಬೇಕಾದ್ದಿಲ್ಲ. ಹಾವು ಕಚ್ಚಿದವರನ್ನು ಮಂತ್ರ ಹಾಕುವವರ ಬಳಿ ಒಯ್ದು ಹೊತ್ತು ಕಳೆಯುವುದು ಈಗಲೂ ಇದೆ, ಅದರಿಂದ ಜನ ಸಾಯುತ್ತಾರೆ. ಕಾಮಾಲೆಗೆ ಔಷಧ ಕೊಡುವವರ ಮನೆ ಮುಂದೆ ಸಾಲು ಇರುತ್ತದೆ. ಇದಕ್ಕಿಂತ ಗಂಭೀರವಾದದ್ದು ಮನೆಯೊಳಗಿನ ತಾರತಮ್ಯ. ಗಂಡಸಿಗೆ ಹೊಟ್ಟೆನೋವು ಬಂದರೆ ಗಾಡಿ ಹುಡುಕುವ ಮನೆಯಲ್ಲಿ ಹೆಂಗಸಿನ ಬಿಳಿಮುಟ್ಟು, ಸೊಂಟನೋವು, ರಕ್ತಹೀನತೆ ಕಾಯಿಲೆಯ ಲೆಕ್ಕಕ್ಕೇ ಬರುವುದಿಲ್ಲ. ಮೇಲೆ ಹೇಳಿದ ಕೊಪ್ಪಳದ ಸಂಶೋಧನೆಯೇ ಇದನ್ನು ಎತ್ತಿ ತೋರಿಸಿತು: ಇರುವ ಅಷ್ಟಿಷ್ಟು ಹಣವನ್ನು ಯಾರ ಚಿಕಿತ್ಸೆಗೆ ಖರ್ಚು ಮಾಡಬೇಕು ಎಂಬಲ್ಲಿ ಹೆಂಗಸರು, ಅದರಲ್ಲೂ ಬಡ ಮನೆಯ ಹೆಂಗಸರು, ಹಿಂದೆ ಬೀಳುತ್ತಾರೆ. ಆದರೆ ಇದು ತಿಳಿಯದೆ ಆಗುವ ತಪ್ಪಲ್ಲ. ಅವಳಿಗೆ ನೋವಿದೆ ಎಂಬುದು ಅವಳಿಗೂ ಗೊತ್ತು, ಮನೆಯವರಿಗೂ ಗೊತ್ತು. ಸಾಲದಿದ್ದುದನ್ನು ಹಂಚುವಾಗ ಅಧಿಕಾರ ಇಲ್ಲದವರ ಪಾಲು ಮೊದಲು ಕಡಿತವಾಗುತ್ತದೆ. ಇದನ್ನು ಬದಲಿಸಲು ಬೇಕಾದ್ದು ಹೆಂಗಸಿನ ಕೈಯಲ್ಲಿ ಹಣ, ಅವಳ ಹೆಸರಿನ ಕಾರ್ಡು, ಅವಳೊಬ್ಬಳೇ ಹೋಗಿ ಬರಬಹುದಾದ ಹತ್ತಿರದ ಆಸ್ಪತ್ರೆ.

ಅಜ್ಞಾನದ ವಾದ ಇಷ್ಟು ಕಾಲ ಬಾಳಿರುವುದು ಅದರಿಂದ ಹಲವರಿಗೆ ಅನುಕೂಲವಿರುವುದರಿಂದ. ಖಾಲಿ ಹುದ್ದೆ ತುಂಬಲು ಹಣಕಾಸು ಇಲಾಖೆಯ ಒಪ್ಪಿಗೆ ಬೇಕು, ರಕ್ತನಿಧಿಗೆ ಪರವಾನಗಿ, ಯಂತ್ರ, ತಂತ್ರಜ್ಞರು ಬೇಕು. ಜಾಥಾಕ್ಕೆ ಬ್ಯಾನರು ಮತ್ತು ಶಾಲೆಯ ಮಕ್ಕಳು ಸಾಕು. ಮೇಲಾಗಿ ಈ ವಾದ ಆಸ್ಪತ್ರೆಯೊಳಗೆ ಆದದ್ದನ್ನು ಮರೆಮಾಡುತ್ತದೆ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಸತ್ತ ಕೋವಿಡ್ ರೋಗಿಗಳು ಆಸ್ಪತ್ರೆಗೆ ಬಂದವರೇ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಅವರಿಗೆ ಕೊಟ್ಟ ಐವಿ ದ್ರಾವಣದ ಮೇಲೆ ಶಂಕೆ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಅವರು ಮನೆಯಲ್ಲಿ ಹೆತ್ತವರಲ್ಲ. ಗೋಡೆಯ ಮೇಲೆ ಬರೆದಿದ್ದನ್ನು ಅಕ್ಷರಶಃ ಪಾಲಿಸಿ ಆಸ್ಪತ್ರೆಗೆ ಬಂದವರು. ಹಾಗೆ ನೋಡಿದರೆ, ಆಸ್ಪತ್ರೆಗೆ ಹೋಗಲು ಹಿಂಜರಿಯುವುದರಲ್ಲಿ ಎಷ್ಟು ಪಾಲು ಕುರುಡು ಭಯ, ಎಷ್ಟು ಪಾಲು ಅನುಭವ ಎಂದು ಯಾರೂ ಬಿಡಿಸಿ ನೋಡಿಲ್ಲ.

ತಾಯಿ ಸತ್ತ ಪ್ರತಿ ಪ್ರಕರಣವನ್ನೂ ಪರಿಶೀಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2010ರಲ್ಲಿ ಮಾರ್ಗಸೂಚಿ ಹೊರಡಿಸಿ 2017ರಲ್ಲಿ ಪರಿಷ್ಕರಿಸಿತು. ಮನೆಯ ತಡ, ದಾರಿಯ ತಡ, ಆಸ್ಪತ್ರೆಯ ತಡ, ಮೂರನ್ನೂ ವಿಚಾರಿಸಬೇಕೆಂಬುದು ಅದರಲ್ಲಿದೆ. ಹೊಸ ಕಾನೂನು ಬೇಕಿಲ್ಲ. ನೋವು ಶುರುವಾದ ಗಂಟೆ, 108ಕ್ಕೆ ಕರೆ ಹೋದ ಗಂಟೆ, ಗಾಡಿ ಬಂದ ಗಂಟೆ, ಪ್ರತಿ ಆಸ್ಪತ್ರೆ ಮುಟ್ಟಿದ ಮತ್ತು ಬಿಟ್ಟ ಗಂಟೆ, ಮುಂದಕ್ಕೆ ಕಳಿಸಿದ ಕಾರಣ, ಕಳಿಸಿದವರ ಸಹಿ ಇಷ್ಟನ್ನೂ ಬರೆದು, ತಾಯಂದಿರ ಸಾವಿಗಷ್ಟೇ ಅಲ್ಲದೆ ತುರ್ತು ವಿಭಾಗದಲ್ಲಾಗುವ ಪ್ರತಿ ಸಾವಿಗೂ ಇದನ್ನು ಅನ್ವಯಿಸಿ, ಹೆಸರು ತೆಗೆದು ವರ್ಷಕ್ಕೊಮ್ಮೆ ಜಿಲ್ಲಾ ಪಂಚಾಯಿತಿಯ ಮುಂದೆ ಇಡಬೇಕು. ಈ ಗಂಟೆಗಳ ಪಟ್ಟಿ ಸಿದ್ಧವಾಗುವವರೆಗೆ ಕೊಪ್ಪಳದ ಯಾವ ಆಸ್ಪತ್ರೆಯ ಬಾಗಿಲಲ್ಲೂ ‘ಯಾಕ ತಡಾ ಮಾಡಿ ತಂದ್ರಿ’ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.